ಇಂಗ್ಲಿಷ್ ಪದವನ್ನು ಗ್ರೀಕ್ ಭಾಷೆಗೆ ತರುವ ಬಗೆ: ಪ್ರಾಚೀನ ಮತ್ತು ಆಧುನಿಕ ಗ್ರೀಕ್ ಎರಡಕ್ಕೂ ಒಂದು ಸಮಗ್ರ ಮಾರ್ಗದರ್ಶಿ

‘ಕರೇಜ್’ ಎಂಬ ಇಂಗ್ಲಿಷ್ ಪದಕ್ಕೆ ಗ್ರೀಕಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದವರಿಗೆ ಒಂದೇ ಪದದ ಉತ್ತರ ಕೊಟ್ಟರೆ ಅದು ಅರ್ಧ ಉತ್ತರವಾಗುತ್ತದೆ. ಪ್ಲೇಟೊ ಬಳಸಿದ ಪದ ಅಂದ್ರೇಯಾ. ಅವನೇ ಬೇರೆಡೆ ಥರ್ರೊಸ್ ಎಂಬ ಪದವನ್ನೂ ಬಳಸುತ್ತಾನೆ, ಇವೆರಡೂ ಒಂದೇ ಅಲ್ಲವೆಂಬ ವಾದವೂ ಅವನ ಸಂವಾದವೊಂದರಲ್ಲಿ ಬರುತ್ತದೆ. ಇಂದಿನ ಗ್ರೀಸಿನಲ್ಲಿ ಕಾಯಿಲೆ ಬಿದ್ದವರ ಪಕ್ಕದಲ್ಲಿ ಕುಳಿತು ಸಮಾಧಾನ ಹೇಳುವವರು ಈ ಎರಡನ್ನೂ ಬಿಟ್ಟು ಕುರಾಯೊ ಎನ್ನುತ್ತಾರೆ, ಅದು ಇಟಾಲಿಯನ್ನಿನಿಂದ ಬಂದ ಪದ. ಇಂಗ್ಲಿಷಿನ ಒಂದು ಪದದ ಎದುರಿಗೆ ಗ್ರೀಕಿನ ಒಂದು ಪದವನ್ನು ಇಡುವುದು ಅನುವಾದದ ಕೊನೆಯ ಕೆಲಸವೇ ಹೊರತು ಮೊದಲನೆಯದಲ್ಲ. ಅದಕ್ಕೆ ಮೊದಲು ಮಾಡಬೇಕಾದ ಕೆಲಸಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇಂಗ್ಲಿಷ್ ನಮಗೂ ಗ್ರೀಕರಿಗೂ ನಡುವೆ ನಿಂತಿರುವ ದುಭಾಷಿ ಮಾತ್ರ ಎಂಬುದನ್ನು ನೆನಪಿಟ್ಟುಕೊಂಡು, ಅರ್ಥವನ್ನು ಮೊದಲು ಕನ್ನಡದಲ್ಲಿ ತೂಗಿ ನೋಡುವ ಅಭ್ಯಾಸವಾದರೆ ಈ ಕೆಲಸ ಬಹಳ ಹಗುರವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಹಂತ: ಯಾವ ಗ್ರೀಕ್ ಎಂದು ನಿರ್ಧರಿಸಿ

ಗ್ರೀಕ್ ಭಾಷೆಗೆ 3,000 ವರ್ಷಗಳಿಗೂ ಮೀರಿದ ಲಿಖಿತ ಇತಿಹಾಸವಿದೆ. ಹೋಮರನ ಕಾವ್ಯಭಾಷೆ ಒಂದು ಬಗೆ, ಕ್ರಿ.ಪೂ. 5 ಮತ್ತು 4ನೆಯ ಶತಮಾನಗಳ ಅಥೆನ್ಸಿನ ಅಟ್ಟಿಕ್ ಇನ್ನೊಂದು; ಅಲೆಕ್ಸಾಂಡರನ ನಂತರ ಈಜಿಪ್ಟಿನಿಂದ ಪಶ್ಚಿಮ ಏಷ್ಯಾದವರೆಗೆ ಹರಡಿದ, ಬೈಬಲಿನ ಹೊಸ ಒಡಂಬಡಿಕೆಯ ಭಾಷೆಯಾದ ಕೊಯ್ನೇ ಮತ್ತೊಂದು. ಇಂದು ಗ್ರೀಸ್ ಮತ್ತು ಸೈಪ್ರಸ್‌ಗಳಲ್ಲಿ ಆಡುವ ಭಾಷೆ ಇವೆಲ್ಲವುಗಳಿಂದ ಬೆಳೆದು ಬಂದದ್ದಾದರೂ ಅದರ ವ್ಯಾಕರಣ, ಉಚ್ಚಾರ ಮತ್ತು ದಿನಬಳಕೆಯ ಪದಗಳು ಬೇರೆಯಾಗಿವೆ. ತತ್ತ್ವಶಾಸ್ತ್ರದ ಪ್ರಬಂಧಕ್ಕೆ ಪದ ಬೇಕಾದವರು ಅಟ್ಟಿಕ್ ನೋಡಬೇಕು, ಕ್ರೈಸ್ತ ಧರ್ಮಗ್ರಂಥದ ಅಧ್ಯಯನಕ್ಕೆ ಕೊಯ್ನೇ ನೋಡಬೇಕು, ಗ್ರೀಸಿನ ಗ್ರಾಹಕರಿಗೆ ಪತ್ರ ಬರೆಯುವವರಿಗೆ ಆಧುನಿಕ ಗ್ರೀಕ್ ಬೇಕು. ಯಂತ್ರಾನುವಾದದ ಭಾಷೆಗಳ ಪಟ್ಟಿಯಲ್ಲಿ ಬರಿ ‘ಗ್ರೀಕ್’ ಎಂದಿದ್ದರೆ ಅದು ಆಧುನಿಕ ಗ್ರೀಕ್. ಅಲ್ಲಿ ಸಿಕ್ಕ ಪದವನ್ನು ‘ಪ್ರಾಚೀನ ಗ್ರೀಕ್’ ಎಂದು ಉಂಗುರದ ಮೇಲೋ ಪುಸ್ತಕದ ಮುಖಪುಟದ ಮೇಲೋ ಕೆತ್ತಿಸುವುದು ಈ ಕ್ಷೇತ್ರದಲ್ಲಿ ತೀರ ಸಾಮಾನ್ಯವಾದ ತಪ್ಪು.

ಎರಡು ಗ್ರೀಕುಗಳ ನಡುವಿನ ಅಂತರ ಎಷ್ಟೆಂಬುದು ಅಡುಗೆಮನೆಯ ಪದಗಳಲ್ಲೇ ಕಾಣುತ್ತದೆ. ನೀರಿಗೆ ಪ್ರಾಚೀನರು ಹುದೋರ್ ಎಂದರೆ ಇಂದಿನವರು ನೆರೋ ಎನ್ನುತ್ತಾರೆ. ‘ತಾಜಾ ನೀರು’ ಎಂಬ ಹಳೆಯ ಪದಜೋಡಿಯಲ್ಲಿ ‘ತಾಜಾ’ ಎಂಬ ಭಾಗ ಮಾತ್ರ ಉಳಿದು ನೀರಿನ ಹೆಸರಾಯಿತು. ರೊಟ್ಟಿಗೆ ಆಗ ಅರ್ತೊಸ್, ಈಗ ಪ್ಸೊಮೀ. ದ್ರಾಕ್ಷಾರಸಕ್ಕೆ ಆಗ ಒಯ್ನೊಸ್, ಈಗ ಕ್ರಸೀ, ಅಂದರೆ ಮೂಲದಲ್ಲಿ ‘ಬೆರೆಸಿದ್ದು’, ಏಕೆಂದರೆ ಹಿಂದಿನವರು ಅದನ್ನು ನೀರು ಬೆರೆಸಿ ಕುಡಿಯುತ್ತಿದ್ದರು. ಮನೆಗೆ ಆಗ ಒಯ್ಕೊಸ್ ಅಥವಾ ಒಯ್ಕಿಯಾ, ಈಗ ಲ್ಯಾಟಿನ್ನಿನಿಂದ ಬಂದ ಸ್ಪೀತಿ. ಕುದುರೆಗೆ ಆಗ ಹಿಪ್ಪೊಸ್, ಈಗ ಆಲೊಗೊ, ಅಂದರೆ ‘ಮಾತಿಲ್ಲದ್ದು, ವಿವೇಕವಿಲ್ಲದ್ದು’.

ಹಳೆಯ ಪದಗಳು ಸತ್ತುಹೋದವೆಂದು ಇದರ ಅರ್ಥವಲ್ಲ. ಕನ್ನಡದಲ್ಲಿ ನಾವು ಮನೆಯಲ್ಲಿ ‘ನೀರು’ ಎನ್ನುತ್ತೇವೆ, ಬಿಲ್ಲು ಮಾತ್ರ ‘ಜಲಮಂಡಳಿ’ಯಿಂದ ಬರುತ್ತದೆ; ಊಟಕ್ಕೆ ‘ಮೀನು’, ಇಲಾಖೆಗೆ ‘ಮೀನುಗಾರಿಕೆ’ಯ ಜೊತೆಗೆ ‘ಮತ್ಸ್ಯೋದ್ಯಮ’. ಗ್ರೀಸಿನಲ್ಲೂ ಹಾಗೆಯೇ. ಮೇಜಿನ ಮೇಲಿನ ಮೀನು ಪ್ಸಾರಿ, ಆದರೆ ಅಂಗಡಿಯ ಫಲಕದಲ್ಲಿ ಪ್ರಾಚೀನ ಇಖ್ಥೂಸ್ ಪದದಿಂದಾದ ಇಹ್ಥಿಯೊಪೊಲೀಯೊ. ತಿನ್ನುವುದು ಪ್ಸೊಮೀ, ಬೇಕರಿಯ ಹೆಸರು ಅರ್ತೊಪಿಯೀಯೊ. ಕುಡಿಯುವುದು ನೆರೋ, ಕೊಳಾಯಿ ರಿಪೇರಿ ಮಾಡುವವನು ಇದ್ರವ್ಲಿಕೋಸ್. ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳಲ್ಲಿ ಗ್ರೀಸಿನ ಆಡಳಿತ ಮತ್ತು ಶಿಕ್ಷಣದಲ್ಲಿ ಕಥರೇವುಸ ಎಂಬ, ಪ್ರಾಚೀನ ರೂಪಗಳ ಕಡೆಗೆ ಒಲಿದ ಗ್ರಾಂಥಿಕ ಭಾಷೆ ಬಳಕೆಯಲ್ಲಿತ್ತು. 1976ರಲ್ಲಿ ಆಡುಭಾಷೆಯಾದ ದಿಮೊತಿಕೀ ಅಧಿಕೃತ ಸ್ಥಾನ ಪಡೆಯಿತು. ಆದ್ದರಿಂದ 1930ರ ಸರ್ಕಾರಿ ಕಾಗದದಲ್ಲಿ ಕಂಡ ಪದವನ್ನು ಇಂದಿನ ಮಾತಿಗೆ ಹಾಗೆಯೇ ತರಬಾರದು. ನಮ್ಮಲ್ಲಿ ಮನೆಗೆ ಬಂದ ನೆಂಟರಿಗೆ ‘ಜಲಪಾನ ಮಾಡುವಿರಾ’ ಎಂದು ಕೇಳಿದಂತಾಗುತ್ತದೆ.

ಎರಡನೆಯ ಹಂತ: ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬಿಡಿಸಿ

ನಿಘಂಟು ತೆರೆಯುವ ಮೊದಲು ಆ ಇಂಗ್ಲಿಷ್ ಪದ ಬರುವ ಒಂದು ಪೂರ್ಣ ವಾಕ್ಯವನ್ನು ಬರೆದುಕೊಳ್ಳಿ. ನಂತರ ಆ ವಾಕ್ಯದಲ್ಲಿ ಅದಕ್ಕೆ ಸಲ್ಲುವ ಕನ್ನಡ ಪದ ಯಾವುದೆಂದು ನಿಮ್ಮನ್ನೇ ಕೇಳಿಕೊಳ್ಳಿ. ‘ಕರೇಜ್’ ಎಂಬ ಒಂದೇ ಪದ ಕನ್ನಡದಲ್ಲಿ ಶೌರ್ಯ, ಎದೆಗಾರಿಕೆ, ಕೆಚ್ಚು, ಧೈರ್ಯ, ಸಮಾಧಾನ ಎಂದೆಲ್ಲ ಒಡೆಯುತ್ತದೆ. ಅದರ ಕೆಟ್ಟ ಸೋದರನಿಗೆ ‘ಭಂಡಧೈರ್ಯ’ ಎಂಬ ಬೇರೆ ಹೆಸರೇ ಇದೆ. ಗ್ರೀಕ್ ಕೂಡ ಸರಿಸುಮಾರು ಇದೇ ಗೆರೆಗಳಲ್ಲಿ ಒಡೆಯುತ್ತದೆ. ರಣರಂಗದ ಶೌರ್ಯಕ್ಕೆ ಅಂದ್ರೇಯಾ. ಅದರ ಮೂಲದಲ್ಲಿರುವುದು ‘ಗಂಡಸು’ ಎಂಬ ಅರ್ಥದ ಪದ, ನಮ್ಮ ‘ಗಂಡೆದೆ’ ಇದ್ದ ಹಾಗೆ. ಎದುರಿಸುವ ವಿಶ್ವಾಸಕ್ಕೆ ಥರ್ಸೊಸ್ ಅಥವಾ ಥರ್ರೊಸ್. ಸಾಹಸಕ್ಕೆ ಕೈಹಾಕುವ ಎದೆಗಾರಿಕೆಗೆ ತೊಲ್ಮ. ಭಂಡಧೈರ್ಯಕ್ಕೆ ಥ್ರಸೊಸ್. ಆಧುನಿಕದಲ್ಲಿ ಸಾಮಾನ್ಯ ಧೈರ್ಯಕ್ಕೆ ಥಾರೊಸ್, ಎದೆಗಾರಿಕೆಗೆ ತೋಲ್ಮಿ, ವೀರರ ಶೌರ್ಯಕ್ಕೆ ಯೆನೆಓತಿತ, ‘ಧೈರ್ಯ ತಂದುಕೊಳ್ಳಿ’ ಎನ್ನುವಾಗ ಕುರಾಯೊ, ಉದ್ಧಟತನಕ್ಕೆ ಥ್ರಾಸೊಸ್. ಇಂದಿನ ಗ್ರೀಸಿನಲ್ಲಿ ಶೌರ್ಯಪದಕದ ಹೆಸರಿನಲ್ಲಿ ಅಂದ್ರೇಯಾ ಈಗಲೂ ಉಳಿದಿದೆ; ಪಕ್ಕದ ಮನೆಯ ಹುಡುಗಿ ಪರೀಕ್ಷೆಗೆ ಹೆದರದೆ ಹೋದಳು ಎನ್ನಲು ಅದನ್ನು ಬಳಸುವುದಿಲ್ಲ.

ಕೆಲವು ಕಡೆ ಕನ್ನಡ ಮತ್ತು ಗ್ರೀಕ್ ನೇರವಾಗಿ ಕೈಹಿಡಿಯುತ್ತವೆ. ‘ವರ್ಡ್’ ಎಂಬ ಇಂಗ್ಲಿಷ್ ಪದವನ್ನು ತೆಗೆದುಕೊಳ್ಳಿ. ನಿಘಂಟಿನ ಪದ, ಶಬ್ದ ಎಂಬ ಅರ್ಥಕ್ಕೆ ಆಧುನಿಕದಲ್ಲಿ ಲೇಕ್ಸಿ. ಆದರೆ ಕೊಟ್ಟ ವಚನ ಎಂಬ ಅರ್ಥಕ್ಕೆ ಲೋಗೊಸ್: ‘ನನ್ನ ಮಾತು ಕೊಡುತ್ತೇನೆ’ ಎಂದು ನಾವು ಹೇಳುವಂತೆಯೇ ಗ್ರೀಕರು ‘ದೀನೊ ತೊ ಲೋಗೊ ಮು’ ಎನ್ನುತ್ತಾರೆ. ಕನ್ನಡದ ‘ಮಾತು’ ಎಂಬ ಪದದಲ್ಲಿ ನುಡಿ, ಸಂಗತಿ, ವಚನ ಎಲ್ಲವೂ ಅಡಗಿರುವುದರಿಂದ, ಲೊಗೊಸ್ ಎಂಬ ಪ್ರಾಚೀನ ಪದದ ಹರಹನ್ನು ಗ್ರಹಿಸಲು ಇಂಗ್ಲಿಷಿಗಿಂತ ಅದು ಎಷ್ಟೋ ಸಲ ಹೆಚ್ಚು ನೆರವಾಗುತ್ತದೆ. ಲೊಗೊಸ್‌ನಲ್ಲಿ ತರ್ಕ, ಕಾರಣ, ಲೆಕ್ಕ ಎಂಬ ಅರ್ಥಗಳೂ ಇವೆ, ಅಷ್ಟು ದೂರ ನಮ್ಮ ‘ಮಾತು’ ಹೋಗುವುದಿಲ್ಲ.

‘ಲವ್’ ಎಂಬುದಕ್ಕೆ ನಾಲ್ಕು ಪದಗಳ ಪಟ್ಟಿ ಎಲ್ಲೆಡೆ ಓಡಾಡುತ್ತಿರುತ್ತದೆ: ಎರೋಸ್ (ಮೋಹದ ಒಲವು), ಫಿಲಿಯಾ (ಸ್ನೇಹ), ಸ್ತೊರ್ಗೇ (ಕುಟುಂಬದ ವಾತ್ಸಲ್ಯ), ಅಗಪೇ (ನಿಸ್ವಾರ್ಥ ಪ್ರೀತಿ). ಪಟ್ಟಿ ತಪ್ಪಲ್ಲ, ಆದರೆ ಅದರ ಬಳಕೆಯಲ್ಲಿ ಎಚ್ಚರ ಬೇಕು. ಅಗಪೇ ಎಂಬ ನಾಮಪದ ಅಟ್ಟಿಕ್ ಗದ್ಯದಲ್ಲಿ ಕಾಣುವ ಪದವಲ್ಲ. ಅದು ಬಹುಮಟ್ಟಿಗೆ ಬೈಬಲಿನ ಗ್ರೀಕ್ ಭಾಷೆಯಿಂದ ಪ್ರಚಾರಕ್ಕೆ ಬಂದದ್ದು. ಆಧುನಿಕದಲ್ಲಿ ಅಗಾಪಿ ಎಂದರೆ ತಾಯಿಯ ಪ್ರೀತಿಯೂ ಹೌದು, ಗಂಡಹೆಂಡಿರ ಪ್ರೀತಿಯೂ ಹೌದು. ಮೋಹದ ಒಲವಿಗೆ ಏರೊತಸ್. ‘ಅಗಪೇ ಎಂದರೆ ದೈವಿಕ ಪ್ರೀತಿ ಮಾತ್ರ’ ಎಂದು ನಂಬಿ ಅಥೆನ್ಸಿಗೆ ಹೋದವರಿಗೆ ಅಲ್ಲಿನ ಚಲನಚಿತ್ರ ಗೀತೆಗಳು ಗೊಂದಲ ಉಂಟುಮಾಡುತ್ತವೆ.

ಮೂರನೆಯ ಹಂತ: ಲಿಪಿಯನ್ನು ಓದಲು ಕಲಿಯಿರಿ

24 ಅಕ್ಷರಗಳನ್ನು ಕಲಿಯಲು ಒಂದು ವಾರ ಸಾಕು, ಅದನ್ನು ಕಲಿಯದೆ ಮುಂದಿನ ಯಾವ ಹಂತಕ್ಕೂ ಹೋಗಬಾರದು. ಇಲ್ಲಿ ಕನ್ನಡ ಓದುಬರಹ ಬಲ್ಲವರಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ನಾವು ಸಾಕಷ್ಟು ಬಳಸಿಕೊಂಡಿಲ್ಲವೆಂದು ನನಗೆ ಸದಾ ಅನ್ನಿಸುತ್ತದೆ. ಪ್ರಾಚೀನ ಅಟ್ಟಿಕ್ ಭಾಷೆಯಲ್ಲಿ ಎಪ್ಸಿಲಾನ್ ಹ್ರಸ್ವ ಎ, ಈಟಾ ದೀರ್ಘ ಏ. ಒಮಿಕ್ರಾನ್ ಹ್ರಸ್ವ ಒ, ಒಮೇಗಾ ದೀರ್ಘ ಓ. ಈ ಭೇದವನ್ನು ದೇವನಾಗರಿ ಸಾಮಾನ್ಯವಾಗಿ ತೋರಿಸುವುದಿಲ್ಲ, ಕನ್ನಡ ಲಿಪಿ ತೋರಿಸುತ್ತದೆ. ಥೀಟಾ, ಫೈ, ಖೈ ಎಂಬ ಮೂರು ಅಕ್ಷರಗಳು ಆ ಕಾಲದಲ್ಲಿ ನಮ್ಮ ಥ, ಫ, ಖ ಇದ್ದಂತೆಯೇ ಮಹಾಪ್ರಾಣಗಳು. ಇಂಗ್ಲಿಷಿನಲ್ಲಿ ಉಸಿರಿಲ್ಲದ ಮತ್ತು ಉಸಿರಿರುವ ಧ್ವನಿಗಳು ಬೇರೆ ಬೇರೆ ಅಕ್ಷರಗಳಲ್ಲ. ನಮಗೆ ಅವು ವರ್ಣಮಾಲೆಯ ಬೇರೆ ಬೇರೆ ಮನೆಗಳು. ಹಾಗಾಗಿ ಲೋಗೋಸ್ ಎಂಬ ರೂಢಿಯ ಬರಹಕ್ಕಿಂತ ಲೊಗೊಸ್ ಎಂಬುದು ಪ್ರಾಚೀನ ಧ್ವನಿಗೆ ಹತ್ತಿರ, ಏಕೆಂದರೆ ಅಲ್ಲಿರುವ ಎರಡೂ ಸ್ವರಗಳು ಒಮಿಕ್ರಾನ್. ಗಂಟೆ, ಕಾಲ ಎಂಬ ಅರ್ಥದ ಪ್ರಾಚೀನ ಗ್ರೀಕ್ ಪದವನ್ನು ಕನ್ನಡದಲ್ಲಿ ಬರೆದರೆ ‘ಹೋರಾ’ ಎಂದೇ ಆಗುತ್ತದೆ. ಜ್ಯೋತಿಷದ ಹೋರಾ ಆ ಪದವೇ. ಕೆನ್ತ್ರೊನ್ ಎಂಬ ಪದ ಸಂಸ್ಕೃತದ ಮೂಲಕ ನಮ್ಮ ‘ಕೇಂದ್ರ’ವಾಗಿದೆ. ಉಪ್ಸಿಲಾನ್ ಮಾತ್ರ ಕನ್ನಡದಲ್ಲಿಲ್ಲದ ಧ್ವನಿ: ತುಟಿಯನ್ನು ಉ ಎನ್ನಲು ದುಂಡಗೆ ಮಾಡಿ ಇ ಎನ್ನಬೇಕು.

ಆಧುನಿಕ ಉಚ್ಚಾರ ಪೂರ್ತಿ ಬೇರೆ. ಬೀಟಾ ವ ಆಗಿದೆ, ಫೈ ಇಂಗ್ಲಿಷಿನ ‘ಫ್ಯಾನ್’ ಪದದ ಮೊದಲ ಧ್ವನಿಯಾಗಿದೆ, ಥೀಟಾ ‘ಥ್ಯಾಂಕ್ಸ್’ ಎನ್ನುವಾಗ ಇಂಗ್ಲಿಷರು ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಹೊರಡಿಸುವ ಧ್ವನಿಯಾಗಿದೆ. ಈಟಾ, ಅಯೋಟಾ, ಉಪ್ಸಿಲಾನ್ ಮತ್ತು ಎರಡಕ್ಷರದ ಕೆಲವು ಜೋಡಿಗಳು ಎಲ್ಲವೂ ಸೇರಿ ಒಂದೇ ಇ ಆಗಿವೆ. ಸ್ವರಗಳ ಹ್ರಸ್ವದೀರ್ಘ ಭೇದ ಅಳಿದಿದೆ. ಅದರ ಜಾಗದಲ್ಲಿ ಒತ್ತು ಇದೆ. ಈ ಬರಹದಲ್ಲಿ ಆಧುನಿಕ ಪದಗಳಲ್ಲಿ ಕಾಣುವ ದೀರ್ಘಸ್ವರ ಒತ್ತು ಬೀಳುವ ಜಾಗವನ್ನು ಸೂಚಿಸುತ್ತದೆ ಎಂದು ತಿಳಿಯಿರಿ.

ಒತ್ತಿನ ಗುರುತನ್ನು ಅಲಂಕಾರವೆಂದು ಬಗೆದು ಬಿಟ್ಟುಬಿಡುವವರಿದ್ದಾರೆ. ಪೋತೆ ಎಂದರೆ ‘ಯಾವಾಗ’, ಪೊತೇ ಎಂದರೆ ‘ಎಂದೂ ಇಲ್ಲ’. ಅಕ್ಷರಗಳೆಲ್ಲ ಒಂದೇ, ಗುರುತಿನ ಜಾಗ ಮಾತ್ರ ಬೇರೆ. ಪ್ರಾಚೀನ ಗ್ರೀಕಿನ ಮುದ್ರಣದಲ್ಲಿ ಗುರುತುಗಳು ಇನ್ನೂ ಹೆಚ್ಚು: ಏರುಸ್ವರ, ಇಳಿಸ್ವರ, ಏರಿಳಿಯುವ ಸ್ವರಗಳಿಗೆ ಮೂರು ಗುರುತುಗಳಿವೆ. ವೇದಪಾಠದ ಉದಾತ್ತ, ಅನುದಾತ್ತ, ಸ್ವರಿತಗಳನ್ನು ಕೇಳಿದವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ಪದದ ಆರಂಭದ ಸ್ವರದ ಮೇಲೆ ಹಕಾರ ಇದೆಯೋ ಇಲ್ಲವೋ ಎಂದು ತೋರಿಸುವ ಎರಡು ಉಸಿರುಗುರುತುಗಳೂ ಇವೆ. ಒರೊಸ್ ಎಂದರೆ ಬೆಟ್ಟ, ಹೊರೊಸ್ ಎಂದರೆ ಗಡಿ. ಇವೆರಡನ್ನೂ ಬೇರ್ಪಡಿಸುವುದು ಕಣ್ಣಿಗೆ ಕಂಡೂ ಕಾಣದಂತಹ ಆ ಅರ್ಧಚಂದ್ರದ ತಿರುವು ಮಾತ್ರ. 1982ರಲ್ಲಿ ಗ್ರೀಸ್ ಈ ಎಲ್ಲ ಗುರುತುಗಳನ್ನು ಕೈಬಿಟ್ಟು ಒಂದೇ ಒತ್ತುಗುರುತನ್ನು ಉಳಿಸಿಕೊಂಡಿತು. ಆದ್ದರಿಂದ ಇಂದಿನ ಪತ್ರಕ್ಕೆ ಒಂದೇ ಗುರುತು, ಪ್ರಾಚೀನ ಉದ್ಧರಣೆಗೆ ಪೂರ್ಣ ಗುರುತುಗಳು. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಬೇಡಿ.

ನಾಲ್ಕನೆಯ ಹಂತ: ಪ್ರಾಚೀನ ಪದವನ್ನು ಹುಡುಕಿ, ಹಿಂದಿರುಗಿ ಪರೀಕ್ಷಿಸಿ

ಇಂಗ್ಲಿಷಿನಿಂದ ಅಟ್ಟಿಕ್ ಭಾಷೆಗೆ ಹೋಗಲು 1910ರಲ್ಲಿ ಪ್ರಕಟವಾದ ವುಡ್‌ಹೌಸ್ ಅವರ ಇಂಗ್ಲಿಷ್–ಗ್ರೀಕ್ ನಿಘಂಟು ಇಂದಿಗೂ ಒಳ್ಳೆಯ ಹೆಬ್ಬಾಗಿಲು. ಅದರ ಗುಣವೆಂದರೆ ಪ್ರತಿ ಗ್ರೀಕ್ ಪದದ ಪಕ್ಕದಲ್ಲಿ ಅದು ಗದ್ಯದಲ್ಲಿ ಬರುವುದೋ, ಪದ್ಯದಲ್ಲಿ ಬರುವುದೋ, ಎರಡರಲ್ಲೂ ಬರುವುದೋ ಎಂದು ಸಂಕೇತ ಕೊಟ್ಟಿರುವುದು. ಪದ್ಯದ ಪದವನ್ನು ಗದ್ಯಕ್ಕೆ ತಂದರೆ, ಪಂಪನ ಪದವನ್ನು ಅರ್ಜಿಯಲ್ಲಿ ಬರೆದ ಹಾಗೆ. ಆದರೆ ಹೆಬ್ಬಾಗಿಲಿನಲ್ಲೇ ನಿಂತುಬಿಡಬಾರದು. ಅಲ್ಲಿ ಸಿಕ್ಕ ಎರಡು ಮೂರು ಪದಗಳನ್ನು ಬರೆದುಕೊಂಡು, ಒಂದೊಂದನ್ನೂ ಗ್ರೀಕಿನಿಂದ ಇಂಗ್ಲಿಷಿಗೆ ಹೋಗುವ ದೊಡ್ಡ ನಿಘಂಟಿನಲ್ಲಿ ನೋಡಬೇಕು. ಲಿಡೆಲ್ ಮತ್ತು ಸ್ಕಾಟ್ ಅವರ ನಿಘಂಟು ಮೊದಲು ಹೊರಬಂದದ್ದು 1843ರಲ್ಲಿ. ಜೋನ್ಸ್ ಪರಿಷ್ಕರಿಸಿದ ಒಂಬತ್ತನೆಯ ಆವೃತ್ತಿ 1940ರಲ್ಲಿ ಮುಗಿಯಿತು. 2021ರಲ್ಲಿ ಬಂದ ಕೇಂಬ್ರಿಜ್ ಗ್ರೀಕ್ ಲೆಕ್ಸಿಕನ್ ಅರ್ಥಗಳನ್ನು ಇಂದಿನ ಇಂಗ್ಲಿಷಿನಲ್ಲಿ, ಬಿಚ್ಚುಮಾತಿನಲ್ಲಿ ಕೊಡುತ್ತದೆ. ಹಳೆಯ ನಿಘಂಟನ್ನು ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಮತ್ತು ಷಿಕಾಗೊ ವಿಶ್ವವಿದ್ಯಾಲಯದ ಲೊಗೇಯೊನ್ ತಾಣಗಳಲ್ಲಿ ಉಚಿತವಾಗಿ ನೋಡಬಹುದು.

ನಮೂದನ್ನು ಓದುವಾಗ ಅರ್ಥಗಳಿಗಿಂತ ಮೊದಲು ಉದಾಹರಣೆಗಳ ಕಡೆ ಕಣ್ಣು ಹಾಯಿಸಿ. ಯಾರು ಬಳಸಿದ್ದಾರೆ? ಹೋಮರ್ ಮಾತ್ರವೇ? ನಾಟಕಕಾರರೇ? ಇತಿಹಾಸಕಾರ ಥುಸಿಡೈಡಿಸ್ ಥರ್ಸೊಸ್ ಎಂದು ಬರೆದರೆ ಪ್ಲೇಟೊ ಥರ್ರೊಸ್ ಎನ್ನುತ್ತಾನೆ. ಇದು ಕಾಲ ಮತ್ತು ಶೈಲಿಯ ಭೇದ, ತಪ್ಪಲ್ಲ. ಆದರೆ ಒಂದೇ ಬರಹದಲ್ಲಿ ಎರಡನ್ನೂ ಬಳಸುವುದು ತಪ್ಪು. ನಾನು ಪಾಲಿಸುವ ನಿಯಮ ಇದು: ನನಗೆ ಬೇಕಾದ ಅರ್ಥದಲ್ಲೇ ಆ ಪದ ಬರುವ ಮೂರು ವಾಕ್ಯಗಳನ್ನು ಮೂಲದಲ್ಲಿ ಕಂಡ ಹೊರತು ಅದನ್ನು ಬಳಸುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿ 1972ರಲ್ಲಿ ಆರಂಭವಾದ ಥಿಸಾರಸ್ ಲಿಂಗ್ವೇ ಗ್ರೇಕೇ ಎಂಬ ಯೋಜನೆ ಉಳಿದುಬಂದಿರುವ ಗ್ರೀಕ್ ಸಾಹಿತ್ಯದ ಬಹುಪಾಲನ್ನು ಗಣಕಕ್ಕೆ ತಂದಿರುವುದರಿಂದ ಇಂತಹ ಹುಡುಕಾಟ ಈಗ ಕಷ್ಟವಲ್ಲ.

ಅಂದ್ರೇಯಾ ಪದವನ್ನೇ ನೋಡಿ. ನಿಘಂಟು ಅದಕ್ಕೆ ಒಂದು ಸಾಲಿನ ಅರ್ಥ ಕೊಟ್ಟು ಮುಗಿಸುತ್ತದೆ. ಆದರೆ ಅದೇ ನಮೂದು ತೋರಿಸುವ ಪ್ಲೇಟೊನ ‘ಲಾಖೇಸ್’ ಸಂವಾದಕ್ಕೆ ಹೋದರೆ, ಇಬ್ಬರು ಸೇನಾನಿಗಳು ಸಾಕ್ರಟೀಸನೊಡನೆ ಕುಳಿತು ಅಂದ್ರೇಯಾ ಎಂದರೇನೆಂದು ಹುಡುಕುತ್ತಾರೆ. ಸಾಲು ಬಿಟ್ಟು ಓಡದೆ ಶತ್ರುವಿನೆದುರು ನಿಲ್ಲುವುದೇ ಅದು ಎಂದು ಅವರಲ್ಲೊಬ್ಬನಾದ ಲಾಖೇಸ್ ಮೊದಲು ಹೇಳುತ್ತಾನೆ. ಕಾಯಿಲೆಯಲ್ಲಿ, ಬಡತನದಲ್ಲಿ, ಕಡಲಿನ ಅಪಾಯದಲ್ಲಿ ತೋರುವ ಧೈರ್ಯವೂ ಅದೇ ಅಲ್ಲವೇ ಎಂದು ಸಾಕ್ರಟೀಸ್ ವಿಸ್ತರಿಸುತ್ತಾನೆ. ಕೊನೆಗೂ ಒಪ್ಪುವಂತಹ ಲಕ್ಷಣ ಸಿಗುವುದಿಲ್ಲ. ಆ ಪದದ ಅಂಚು ಎಲ್ಲಿದೆ ಎಂದು ಗ್ರೀಕರೇ ಚರ್ಚಿಸಿದ್ದನ್ನು ಓದಿದ ಮೇಲೆ ಅದನ್ನು ಎಲ್ಲಿ ಬಳಸಬಹುದೆಂಬುದು ನಿಘಂಟಿನ ಹತ್ತು ಸಾಲುಗಳಿಗಿಂತ ಚೆನ್ನಾಗಿ ತಿಳಿಯುತ್ತದೆ.

ಐದನೆಯ ಹಂತ: ಆಧುನಿಕ ಪದ, ಮತ್ತು ಮುಖ ನೋಡಿ ಮೋಸಹೋಗದಿರುವುದು

ಆಧುನಿಕ ಗ್ರೀಕಿಗೆ ದ್ವಿಭಾಷಾ ನಿಘಂಟುಗಳು ಧಾರಾಳವಾಗಿವೆ. ಅಲ್ಲಿ ಸಿಕ್ಕ ಪದವನ್ನು ಗ್ರೀಕ್–ಗ್ರೀಕ್ ನಿಘಂಟಿನಲ್ಲಿ ಪರೀಕ್ಷಿಸಿ. ಥೆಸಲೊನೀಕಿಯ ವಿಶ್ವವಿದ್ಯಾಲಯ 1998ರಲ್ಲಿ ಪ್ರಕಟಿಸಿದ, ಟ್ರಿಯಾಂಡಫಿಲಿಡಿಸ್ ಹೆಸರಿನಿಂದ ಪ್ರಸಿದ್ಧವಾದ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಪದದ ಜೊತೆಗೆ ನುಡಿಗಟ್ಟುಗಳೂ ಇರುತ್ತವೆ, ಬಿಡಿಪದಕ್ಕಿಂತ ಅವೇ ಹೆಚ್ಚು ಉಪಯುಕ್ತ. ಅನಿಸಿದ್ದನ್ನು ಹೆದರದೆ ಹೇಳುವ ಧೈರ್ಯಕ್ಕೆ ಇಂದಿನವರು ‘ತೊ ಥಾರೊಸ್ ತಿಸ್ ಗ್ನೋಮಿಸ್’, ಅಂದರೆ ‘ಅಭಿಪ್ರಾಯದ ಧೈರ್ಯ’ ಎಂಬ ಸಿದ್ಧ ನುಡಿಗಟ್ಟನ್ನು ಬಳಸುತ್ತಾರೆ. ಪ್ರಾಚೀನರು ಅದನ್ನೇ ಪರ್ರೇಸಿಯಾ ಎಂಬ ಒಂದೇ ಪದದಲ್ಲಿ ಹೇಳುತ್ತಿದ್ದರು, ಅದರಲ್ಲಿ ಧೈರ್ಯಕ್ಕಿಂತ ‘ಎಲ್ಲವನ್ನೂ ನುಡಿಯುವುದು’ ಎಂಬ ಅರ್ಥ ಮುಂದಿದೆ.

ಇಂಗ್ಲಿಷಿನಲ್ಲಿ ಗ್ರೀಕ್ ಮೂಲದ ಪದಗಳು ಸಾವಿರಾರು ಇರುವುದರಿಂದ ಅವನ್ನು ಗ್ರೀಕ್ ಲಿಪಿಯಲ್ಲಿ ಬರೆದುಬಿಟ್ಟರೆ ಅನುವಾದವಾಯಿತೆಂಬ ಭ್ರಮೆ ಸಹಜವಾಗಿ ಹುಟ್ಟುತ್ತದೆ. ಅತ್ಯಂತ ಅಪಾಯಕಾರಿ ಉದಾಹರಣೆ ‘ಎಂಪಥಿ’. ಅದೇ ರೂಪದ ಆಧುನಿಕ ಗ್ರೀಕ್ ಪದವಾದ ಎಂಬಾಥಿಯ ಎಂದರೆ ದ್ವೇಷ, ಹಗೆ. ಇತರರ ನೋವನ್ನು ತನ್ನದಾಗಿ ಅರಿಯುವ ಗುಣಕ್ಕೆ ಎನ್ಸಿನೇಸ್ಥಿಸಿ ಎಂಬ ಬೇರೆ ಪದವಿದೆ. ಆಪ್ತಸಮಾಲೋಚನೆಯ ಕರಪತ್ರವೊಂದರಲ್ಲಿ ಈ ಎರಡು ಪದಗಳು ಅದಲುಬದಲಾದರೆ ಏನಾಗಬಹುದೆಂದು ಯೋಚಿಸಿ. ‘ಸಿಂಪಥಿ’ಯ ರೂಪದ ಸಿಂಬಾಥಿಯ ಎಂದರೆ ಇಷ್ಟ, ಒಲವು. ‘ಈಡಿಯಟ್’ ಪದದ ಮೂಲವಾದ ಇದಿಯೋತಿಸ್ ಎಂದರೆ ಇಂದಿಗೂ ‘ಖಾಸಗಿ ವ್ಯಕ್ತಿ’ ಎಂದಷ್ಟೇ ಅರ್ಥ. ಗ್ರೀಕಿನೊಳಗೇ ಅರ್ಥ ಸರಿದದ್ದೂ ಉಂಟು: ಪ್ರಾಚೀನ ತ್ರಪೆಜ ಮೇಜು, ಹಣ ಬದಲಿಸುವವರ ಮೇಜೂ ಹೌದು, ಆಧುನಿಕ ತ್ರಾಪೆಜ ಬ್ಯಾಂಕು, ಮೇಜಿಗೆ ತ್ರಪೇಜಿ. ಪ್ರಾಚೀನ ಸ್ಖೊಲೇ ಬಿಡುವು. ಬಿಡುವಿನಲ್ಲಿ ನಡೆಯುವ ಕಲಿಕೆಯ ಮೂಲಕ ಅದು ಶಾಲೆಯಾಯಿತು. ಕಲೊಸ್ ಎಂದರೆ ಆಗ ಸುಂದರ ಮತ್ತು ಶ್ರೇಷ್ಠ. ಈಗ ಕಲೋಸ್ ಎಂದರೆ ಒಳ್ಳೆಯ, ಸುಂದರ ಎನ್ನಲು ಓಮೊರ್ಫೊಸ್. ದಿಮೊಕ್ರತೀಯ ಪದ ಪ್ರಜಾಪ್ರಭುತ್ವ ಮತ್ತು ಗಣರಾಜ್ಯ ಎರಡಕ್ಕೂ ಸಲ್ಲುತ್ತದೆ, ಗ್ರೀಸ್ ದೇಶದ ಅಧಿಕೃತ ಹೆಸರಿನಲ್ಲಿರುವುದು ಅದೇ ಪದ.

ಆರನೆಯ ಹಂತ: ಪದಕ್ಕೆ ಲಿಂಗ, ವಿಭಕ್ತಿ, ವಚನಗಳನ್ನು ಕೊಡಿ

ನಿಘಂಟಿನಲ್ಲಿ ಕಾಣುವ ರೂಪ ವಾಕ್ಯದಲ್ಲಿ ಹಾಗೆಯೇ ಇರುವುದಿಲ್ಲ. ವಿಭಕ್ತಿಯ ಕಲ್ಪನೆ ನಮಗೆ ಹೊಸದಲ್ಲ. ಪ್ರಾಚೀನದಲ್ಲಿ ಸಂಬೋಧನೆಯೂ ಸೇರಿ ಐದು ವಿಭಕ್ತಿಗಳು, ಆಧುನಿಕದಲ್ಲಿ ನಾಲ್ಕು, ಏಕೆಂದರೆ ಚತುರ್ಥಿ ಅಳಿದಿದೆ. ಎರಡು ವಸ್ತುಗಳಿಗೆ ದ್ವಿವಚನವೂ ಪ್ರಾಚೀನದಲ್ಲಿತ್ತು, ಸಂಸ್ಕೃತ ಓದಿದವರಿಗೆ ಇದು ಪರಿಚಿತ. ತೊಡಕು ಇರುವುದು ಲಿಂಗದಲ್ಲಿ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಗ್ರೀಕಿನಲ್ಲಿ ಪ್ರತಿ ಪದಕ್ಕೂ ತನ್ನದೇ ಲಿಂಗವಿದೆ: ಸ್ವಾತಂತ್ರ್ಯ, ಪ್ರೀತಿ, ಶೌರ್ಯಗಳು ಸ್ತ್ರೀಲಿಂಗ. ಪದದ ಆರಂಭದ ಹಕಾರ ಬಿದ್ದುಹೋದ ಮೇಲೆ ಆಧುನಿಕದಲ್ಲಿ ಓರೊಸ್ ಎಂಬ ಒಂದೇ ರೂಪಕ್ಕೆ ಬೆಟ್ಟ ಮತ್ತು ಷರತ್ತು ಎಂಬ ಎರಡು ಅರ್ಥಗಳು ಬಂದಿವೆ. ನಪುಂಸಕದ ‘ತೊ ಓರೊಸ್’ ಬೆಟ್ಟ, ಪುಲ್ಲಿಂಗದ ‘ಒ ಓರೊಸ್’ ಷರತ್ತು. ಆದ್ದರಿಂದ ನಾಮಪದವನ್ನು ಅದರ ಹಿಂದೆ ಬರುವ ‘ತೊ’, ‘ಒ’ ಮುಂತಾದ ನಿರ್ದೇಶಕ ಪದದ ಜೊತೆಗೇ ಬರೆದುಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ. ಗುಣವಾಚಕವಾದರೆ ಅದು ಯಾರನ್ನು ಕುರಿತದ್ದೆಂದು ತಿಳಿಯದೆ ಅನುವಾದಿಸಲಾಗದು: ಸುಂದರನಾದವನಿಗೆ ಓಮೊರ್ಫೊಸ್, ಸುಂದರಿಗೆ ಓಮೊರ್ಫಿ, ಸುಂದರವಾದದ್ದಕ್ಕೆ ಓಮೊರ್ಫೊ.

ಕ್ರಿಯಾಪದವನ್ನು ಗ್ರೀಕ್ ನಿಘಂಟುಗಳು ‘ನಾನು ಮಾಡುತ್ತೇನೆ’ ಎಂಬ ರೂಪದಲ್ಲಿ ಕೊಡುತ್ತವೆ. ‘ಬರೆಯುವುದು’ ಎಂದು ಹುಡುಕಿದಾಗ ಸಿಗುವ ಗ್ರಾಫೊ ಪದದ ಅರ್ಥ ‘ಬರೆಯುತ್ತೇನೆ’. ಇದನ್ನು ತಿಳಿಯದೆ ಘೋಷವಾಕ್ಯ ಬರೆದವರು ‘ಧೈರ್ಯದಿಂದಿರು’ ಎನ್ನುವ ಬದಲು ‘ಧೈರ್ಯದಿಂದಿದ್ದೇನೆ’ ಎಂದು ಬರೆದಿರುತ್ತಾರೆ. ಆಜ್ಞೆ ಅಥವಾ ಕೋರಿಕೆಯಾದರೆ ಯಾರಿಗೆ ಎಂಬುದೂ ಮುಖ್ಯ. ಆಧುನಿಕ ಗ್ರೀಕಿನಲ್ಲಿ ನಮ್ಮ ನೀನು–ನೀವು ಭೇದವಿದೆ: ಆಪ್ತರಿಗೆ ಎಸೀ, ಹಿರಿಯರಿಗೂ ಅಪರಿಚಿತರಿಗೂ ಬಹುವಚನದ ಎಸೀಸ್. ಇಂಗ್ಲಿಷ್ ಪದ ಇದನ್ನು ಮುಚ್ಚಿಡುತ್ತದೆ, ಕನ್ನಡದಲ್ಲಿ ಯೋಚಿಸಿದರೆ ತಾನಾಗಿ ತೆರೆದುಕೊಳ್ಳುತ್ತದೆ. ಪ್ರಾಚೀನ ಅಟ್ಟಿಕ್ ಭಾಷೆಯಲ್ಲಿ ಗೌರವದ ಬಹುವಚನವಿಲ್ಲ. ಅರಸನನ್ನೂ ಏಕವಚನದಲ್ಲೇ ಕರೆಯುತ್ತಿದ್ದರು, ಅಲ್ಲಿ ‘ನೀವು’ ಎಂದು ಗೌರವಿಸಲು ಹೋದರೆ ಒಬ್ಬರ ಬದಲು ಹಲವರನ್ನು ಕರೆದಂತಾಗುತ್ತದೆ.

ಏಳನೆಯ ಹಂತ: ಹಿಂದಿನವರಿಗೆ ಗೊತ್ತಿಲ್ಲದ ವಸ್ತುಗಳು

ಆಧುನಿಕದಲ್ಲಿ ಈ ಸಮಸ್ಯೆ ಕಡಿಮೆ. ಗ್ರೀಕರು ಕೆಲವನ್ನು ತಮ್ಮ ಬೇರುಗಳಿಂದಲೇ ಕಟ್ಟಿಕೊಂಡರು: ಕಂಪ್ಯೂಟರಿಗೆ ಇಪೊಲೊಯಿಸ್ತೀಸ್, ಅಂದರೆ ಲೆಕ್ಕ ಹಾಕುವುದು; ರೈಲುಮಾರ್ಗಕ್ಕೆ ಸಿದಿರೋದ್ರೊಮೊಸ್, ‘ಕಬ್ಬಿಣದ ದಾರಿ’, ಓಡುವ ರೈಲಿಗೆ ಮಾತ್ರ ಎರವಲಾದ ತ್ರೇನೊ. ಚಹಾಕ್ಕೆ ತ್ಸಾಯ್, ನಮ್ಮ ಪದದ ಒಡಹುಟ್ಟು. ‘ಪ್ರೈವಸಿ’ಗೆ ಇದಿಯೊತಿಕೋತಿತ ಎಂಬ ಹೊಸ ಪದ, ಮೇಲೆ ಹೇಳಿದ ಇದಿಯೋತಿಸ್ ಪದದಿಂದಲೇ ಬಂದದ್ದು. ಪ್ರಾಚೀನ ಗ್ರೀಕಿನಲ್ಲಿ ಮಾತ್ರ ಮೂರು ದಾರಿಗಳಿವೆ. ಆಧುನಿಕ ಗ್ರೀಕಿನ ಹೊಸ ಪದ ಪ್ರಾಚೀನ ಬೇರಿನದಾದರೆ ಅದನ್ನು ಪ್ರಾಚೀನ ರೂಪಕ್ಕೆ ತಿರುಗಿಸಬಹುದು. ಸಮಾಸ ಕಟ್ಟಬಹುದು, ಗ್ರೀಕ್ ಸಮಾಸಗಳು ಸಂಸ್ಕೃತದವುಗಳಂತೆಯೇ ಕಟ್ಟಲು ಅನುಕೂಲ. ಇಲ್ಲವೇ ವಿವರಿಸಿ ಹೇಳಬಹುದು. ನಾನು ಮೂರನೆಯದನ್ನು ಮೆಚ್ಚುತ್ತೇನೆ, ಏಕೆಂದರೆ ಆ ಕಾಲದ ಓದುಗ ಇದ್ದಿದ್ದರೆ ಅವನಿಗೆ ತಿಳಿಯುತ್ತಿದ್ದದ್ದು ಅದೊಂದೇ. ಬಿ.ಎಂ. ಶ್ರೀಕಂಠಯ್ಯನವರ ಕೆಲಸ ಇಲ್ಲಿ ನೆನಪಾಗುತ್ತದೆ, ದಿಕ್ಕು ತಿರುವುಮುರುವಾದರೂ. 1935ರ ‘ಪಾರಸಿಕರು’ ನಾಟಕದಲ್ಲಿ ಅವರು ಐಸ್ಕಿಲಸನ ಮೂಲವನ್ನು ಅನುಸರಿಸಿ ನಡೆದರು. ಅದಕ್ಕೂ ಮುನ್ನ, 1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ಸೊಫೊಕ್ಲೀಸನ ಅಯಾಸ್‌ನ ಜಾಗದಲ್ಲಿ ಅಶ್ವತ್ಥಾಮನನ್ನೇ ನಿಲ್ಲಿಸಿದ್ದರು. ಒಂದು ಪದಕ್ಕೆ ಸಮಾನಪದ ಸಿಗದಾಗ ಅದರ ಸ್ಥಾನವನ್ನು ತುಂಬಬಲ್ಲದ್ದನ್ನು ಹುಡುಕುವುದು ಅನುವಾದದ ನ್ಯಾಯವಾದ ಮಾರ್ಗವೇ.

ಎಂಟನೆಯ ಹಂತ: ಹೆಸರುಗಳು

ವ್ಯಕ್ತಿಯ ಹೆಸರನ್ನು ಅನುವಾದಿಸುವುದಿಲ್ಲ, ಧ್ವನಿಯಲ್ಲಿ ತರುತ್ತೇವೆ. ಗ್ರೀಕಿನಲ್ಲಿ ಚ, ಶ ಇಲ್ಲ, ಟ–ತ ಭೇದವಿಲ್ಲ, ಣ, ಳ ಇಲ್ಲ. ಪ್ರಾಚೀನರು ಚಂದ್ರಗುಪ್ತನನ್ನು ಸನ್ದ್ರೊಕೊತ್ತೊಸ್ ಎಂದು ಬರೆದರು; ಇಂದಿನವರು ಚ ಧ್ವನಿಗೆ ತಾಫ್ ಮತ್ತು ಸಿಗ್ಮಾ ಸೇರಿಸಿ ತ್ಸ ಎನ್ನುತ್ತಾರೆ, ಶಕಾರಕ್ಕೆ ಸಿಗ್ಮಾ ಬರೆಯುತ್ತಾರೆ. ಬೀಟಾ ಈಗ ವ ಆಗಿರುವುದರಿಂದ ಬಕಾರಕ್ಕೆ ಮಿ ಮತ್ತು ಪಿ ಎಂಬ ಎರಡು ಅಕ್ಷರಗಳು ಬೇಕು, ದಕಾರಕ್ಕೆ ನಿ ಮತ್ತು ತಾಫ್. ಬೀಟಾದಿಂದಲೇ ಬರೆದ ಹಳೆಯ ರೂಢಿ ಉಳಿದುಕೊಂಡ ಕಾರಣ ಬಾಂಬೆ ಗ್ರೀಕಿನಲ್ಲಿ ವೊಮ್ವಾಯಿ ಆಗಿದೆ. ಶಾರದಾ ಎಂಬ ಹೆಸರನ್ನು ಈ ನಿಯಮದಂತೆ ಬರೆದು ಒತ್ತನ್ನು ನಡುವಿನ ಅಕ್ಷರದ ಮೇಲೆ ಇಟ್ಟರೆ ಅದು ಸರಾಂದ, ಅಂದರೆ ‘ನಲವತ್ತು’ ಎಂಬ ಸಂಖ್ಯೆಯಾಗುತ್ತದೆ. ಒತ್ತು ಮೊದಲ ಅಕ್ಷರದ ಮೇಲಿರಬೇಕು, ಇಲ್ಲವೇ ದಕಾರಕ್ಕೆ ಡೆಲ್ಟಾ ಬಳಸಬೇಕು.

ಈ ಕೊರತೆಯ ಪರಿಣಾಮ ಕನ್ನಡದ ಇತಿಹಾಸಕ್ಕೂ ತಾಗಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, 413ನೆಯ ಸಂಖ್ಯೆಯ ಪಪೈರಸ್‌ನಲ್ಲಿರುವ ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ಪಾತ್ರಗಳು ಆಡುವ ಪರಭಾಷೆಯ ಮಾತುಗಳನ್ನು ಗ್ರೀಕ್ ಅಕ್ಷರಗಳಲ್ಲಿ ಬರೆಯಲಾಗಿದೆ. ಅವು ಕನ್ನಡವಿರಬಹುದೆಂದು ಜರ್ಮನಿಯ ಶಾಸನತಜ್ಞ ಹುಲ್ಟ್ಶ್ 1904ರಲ್ಲಿ ಸೂಚಿಸಿದರು. ಗೋವಿಂದ ಪೈಯವರೂ ಅದರ ಬಗ್ಗೆ ಆಳವಾಗಿ ಅಧ್ಯಯನ ಮಾಡಿದರು. ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಟಕಾರ, ಳಕಾರಗಳನ್ನು ಹಿಡಿದಿಡಲಾರದ ಲಿಪಿಯಲ್ಲಿ ಬರೆದ ಮಾತನ್ನು ಹಿಂದಿರುಗಿ ಓದುವುದು ಎಷ್ಟು ಕಷ್ಟವೆಂಬುದಕ್ಕೆ ಅದು ಸಾಕ್ಷಿ. ನಿಮ್ಮ ಹೆಸರನ್ನು ಗ್ರೀಕ್ ಲಿಪಿಗೆ ತಂದಾಗಲೆಲ್ಲ ಪಕ್ಕದಲ್ಲಿ ಮೂಲವನ್ನೂ ಬರೆದಿಡಿ.

ಒಂಬತ್ತನೆಯ ಹಂತ: ಟೈಪು ಮಾಡುವುದು ಮತ್ತು ಕೊನೆಯ ಪರೀಕ್ಷೆ

ಗ್ರೀಕ್ ಕೀಲಿಮಣೆಯನ್ನು ಸ್ಥಾಪಿಸಿಕೊಳ್ಳಿ. ಪ್ರಾಚೀನಕ್ಕೆ ಬಹುಗುರುತಿನ ಕೀಲಿಮಣೆ ಬೇರೆಯೇ ಇದೆ. ನೋಡಲು ಇಂಗ್ಲಿಷಿನಂತಿರುವ ದೊಡ್ಡಕ್ಷರಗಳನ್ನು ಇಂಗ್ಲಿಷ್ ಕೀಲಿಯಿಂದ ಒತ್ತಬೇಡಿ: ಕಣ್ಣಿಗೆ ಸರಿ ಕಂಡರೂ ಗಣಕಕ್ಕೆ ಅದು ಬೇರೆ ಅಕ್ಷರ, ಹುಡುಕಿದರೆ ಸಿಗುವುದಿಲ್ಲ. ಸಿಗ್ಮಾದ ಸಣ್ಣಕ್ಷರಕ್ಕೆ ಪದದ ಕೊನೆಯಲ್ಲಿ ಬೇರೆ ಆಕಾರವಿದೆ, ಅದನ್ನು ಮರೆತರೆ ಗ್ರೀಕ್ ಬಲ್ಲವರ ಕಣ್ಣಿಗೆ ಮೊದಲು ಬೀಳುವ ತಪ್ಪು ಅದೇ. ಪದವನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆದಾಗ ಒತ್ತುಗುರುತುಗಳನ್ನು ಬಿಡುವುದು ರೂಢಿ. ಪ್ರಶ್ನಾರ್ಥಕ ಚಿಹ್ನೆಯಾಗಿ ಗ್ರೀಕರು ಬಳಸುವುದು ನಾವು ಅರ್ಧವಿರಾಮವೆನ್ನುವ ಗುರುತನ್ನು.

ಕೊನೆಗೆ ಭಾಷೆ ಬಲ್ಲವರೊಬ್ಬರಿಗೆ ತೋರಿಸಿ. ತೋರಿಸುವಾಗ ‘ಇದು ಸರಿಯೇ’ ಎಂದು ಕೇಳಬೇಡಿ. ಇಂಗ್ಲಿಷ್ ಮೂಲವನ್ನು ಮುಚ್ಚಿಟ್ಟು, ‘ಇದನ್ನು ಓದಿದರೆ ನಿಮಗೆ ಏನು ಅರ್ಥವಾಗುತ್ತದೆ, ಎಲ್ಲಿ ಬರೆದಿರಬಹುದು ಅನ್ನಿಸುತ್ತದೆ’ ಎಂದು ಕೇಳಿ. ಪ್ರಾಚೀನ ಗ್ರೀಕನ್ನು ಆಧುನಿಕ ಗ್ರೀಕ್ ಮಾತೃಭಾಷೆಯವರೆಲ್ಲರೂ ಬಲ್ಲರೆಂದು ಭಾವಿಸಬೇಡಿ. ಹಳಗನ್ನಡವನ್ನು ನಮ್ಮಲ್ಲಿ ಎಲ್ಲರೂ ಬಲ್ಲರೆ? ಅದಕ್ಕೆ ಓದಿದವರನ್ನೇ ಹುಡುಕಬೇಕು. ಅವರು ಒಪ್ಪಿದ ಮೇಲೂ ಮುದ್ರಣಾಲಯದಿಂದ ಅಥವಾ ಕೆತ್ತುವವರಿಂದ ಬಂದ ಕರಡನ್ನು ಅಕ್ಷರಕ್ಕೆ ಅಕ್ಷರ, ಗುರುತಿಗೆ ಗುರುತು ಕೈಬೆರಳಿಟ್ಟು ಮೂಲದೊಡನೆ ಹೋಲಿಸಿ. ಅಲ್ಲಿನ ಫಾಂಟಿನಲ್ಲಿ ಉಸಿರುಗುರುತುಗಳು ಇಲ್ಲದಿದ್ದರೆ ಅವು ಸದ್ದಿಲ್ಲದೆ ಮಾಯವಾಗಿರುತ್ತವೆ, ಗಡಿಯ ಕಲ್ಲು ಬೆಟ್ಟವಾಗಿರುತ್ತದೆ.